ಹಸಿ ಮರಳು

ಕಾಲೇಜಿಗೆ ಐವತ್ತು ತುಂಬುವ ವರ್ಷ ಅದರ ಇತಿಹಾಸ ಬರೆಸಬೇಕೆಂದು ಪ್ರಿನ್ಸಿಪಾಲರಿಗೆ ತೋಚಿತು. ಕೆಲಸ ಭಾಷೆ ಮೇಷ್ಟ್ರ ತಲೆಗೆ ಬಂತು. ಅವರು ಹಳಬರನ್ನು ಹುಡುಕಿಕೊಂಡು ಹೊರಟರು. ಅರ್ಧ ಜನ ಸತ್ತಿದ್ದರು. ಉಳಿದವರಿಗೆ ತಮ್ಮ ಮೊಮ್ಮಕ್ಕಳ ಹೆಸರೇ ನೆನಪಿರಲಿಲ್ಲ. ಕೊನೆಗೆ ಗೇಟಿನ ವಾಚ್‌ಮನ್ ಹೇಳಿದ: "ಫಿಟ್ಟಿಂಗ್ ಶಾಪ್ ಗುಡಿಸ್ತಾಳಲ್ಲ ಅರದಕ್ಕ, ಅವಳನ್ನ ಕೇಳಿ ಮೇಷ್ಟ್ರೇ. ಇಲ್ಲಿ ಗೋಡೆ ಏಳೋದಕ್ಕೆ ಮುಂಚಿಂದ ಇದ್ದಾಳೆ."

ಅರದಕ್ಕ ಅವಳ ಹೆಸರಲ್ಲ. ಅವಳು ಉಜ್ಜುವ ಅರ ಹಿಡಿದರೆ ಕಬ್ಬಿಣ ಹೇಳಿದ ಮಾತು ಕೇಳುತ್ತದೆಂದು ಹುಡುಗರು ಇಟ್ಟ ಹೆಸರು. ಕಾಗದದ ಮೇಲೆ ಅವಳು ಕಸ ಗುಡಿಸುವವಳು. ವಯಸ್ಸು ಐವತ್ತೇಳು. ಬಲಗೈ ಹೆಬ್ಬೆರಳಿನ ಬುಡದಲ್ಲಿ ಕಲ್ಲಿನಂಥ ಜಡ್ಡು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಬ್ಬಿಣದ ಪುಡಿ ಗುಡಿಸುವಳು. ಮಷೀನಿನ ಅಡಿಗೆ ಹೊಟ್ಟೆ ಮೇಲೆ ತೆವಳಿ ಎಣ್ಣೆ ಒರೆಸುವಳು. ಹುಡುಗರು ಕೆಡಿಸಿಟ್ಟ ತುಂಡುಗಳನ್ನು ಊಟದ ಬಿಡುವಿನಲ್ಲಿ ಸರಿಮಾಡಿ ಕೊಡುವಳು. ಫಿಟ್ಟರ್ ಮೇಷ್ಟ್ರು ಕೂಡ ಮಾದರಿ ತುಂಡನ್ನು ಅವಳ ಕೈಯಲ್ಲೇ ಮಾಡಿಸಿ, ತಾವು ಮಾಡಿದ್ದೆಂದು ಮೇಜಿನ ಮೇಲೆ ಇಡುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ಭಾಷೆ ಮೇಷ್ಟ್ರು ನೋಟ್‌ಬುಕ್ ಹಿಡಿದು ಬಂದು ಒಂದು ಮರದ ಪೆಟ್ಟಿಗೆಯ ಮೇಲೆ ಕೂತರು. "ನೀವೂ ಕೂತ್ಕೊಳ್ಳಮ್ಮ" ಎಂದರು.

"ಬೇಡ ಮೇಷ್ಟ್ರೇ. ಕೂತಿದ್ದು ನೋಡಿದ್ರೆ ಬೈತಾರೆ. ಗುಡಿಸ್ತಾನೇ ಹೇಳ್ತೀನಿ, ಬರ್ಕೊಳ್ಳಿ."

"ಮೊದಲಿಂದ ಹೇಳಿ."

"ಮೊದಲಿಂದಾನಾ? ಈಗ ಲೇತ್ ಶಾಪ್ ಇದೆಯಲ್ಲ, ಅಲ್ಲಿ ನಮ್ಮಮ್ಮನ ಒಲೆ ಇತ್ತು."

ಮೇಷ್ಟ್ರ ಪೆನ್ನು ನಿಂತಿತು. ಆಮೇಲೆ ಓಡಿತು.

ಅಲ್ಲಿ ನಲವತ್ತು ಮನೆ ಇದ್ದವು. ಊರಿನ ಚರಂಡಿ ಬಳಿಯುವವರು, ಸತ್ತ ದನ ಎಳೆಯುವವರು. ಅವಳಿಗೆ ಏಳು ವರ್ಷವಾಗಿದ್ದಾಗ ಒಂದು ದಿನ ಅಳತೆಯವರು ಬಂದು ಮನೆಗಳ ನಡುವೆಯೇ ಸುಣ್ಣದ ಗೆರೆ ಎಳೆದರು. ಒಂದು ಗೆರೆ ಅವಳ ಅಪ್ಪ ಮಲಗುವ ಜಾಗದ ಮೇಲೇ ಹೋಯಿತು. ಮಾರನೆಯ ದಿನ ಕಾರಿನಲ್ಲಿ ಶಾಲೆ ಕಟ್ಟಿಸುವ ದಾನಿಗಳು ಬಂದರು. ಕಾರಿನಿಂದ ಇಳಿಯಲಿಲ್ಲ. ಗಾಜು ಇಳಿಸಿ ಹೇಳಿದರು: "ನಿಮ್ಮ ಮಕ್ಕಳಿಗೇ ಕಣ್ರಪ್ಪ ಕಸುಬಿನ ಶಾಲೆ. ಮನೆಗೊಂದು ಮಗು ಇಲ್ಲಿ ಓದುತ್ತೆ. ಮೋರಿಯ ಆಚೆ ಜಾಗ ಕೊಟ್ಟಿದ್ದೀವಿ, ಎದ್ದು ಹೋಗಿ."

ಎದ್ದು ಹೋದರು. ತಮ್ಮ ಗೋಡೆಯನ್ನು ತಾವೇ ಕೆಡವಿದರು. ಅದೇ ಕಲ್ಲನ್ನು ತಾವೇ ಹೊತ್ತು ಶಾಲೆಯ ತಳಪಾಯಕ್ಕೆ ಹಾಕಿದರು. ಅವಳ ಅಪ್ಪನ ಎಡಭುಜ ಆ ವರ್ಷ ಇಳಿದದ್ದು ಮತ್ತೆ ಏಳಲಿಲ್ಲ. ಶಾಲೆ ಎದ್ದಿತು. ಗೋಡೆಯ ಮೇಲೆ 'ಕೈ ಕೆಸರಾದರೆ ಬಾಯಿ ಮೊಸರು' ಎಂದು ಬರೆಸಿದರು. ಹತ್ತು ವರ್ಷ ಮೋರಿಯಾಚೆಯ ಒಂದು ಮಗುವನ್ನೂ ಒಳಗೆ ಬಿಡಲಿಲ್ಲ.

"ಕೆಸರು ನಮಗೆ, ಮೊಸರು ಅವರಿಗೆ ಅಂತ ನಮ್ಮಪ್ಪ ನಗ್ತಿದ್ದ. ಬರ್ಕೊಂಡ್ರಾ ಮೇಷ್ಟ್ರೇ?"

"ಬರ್ಕೊಂಡೆ."

ಹನ್ನೊಂದನೆಯ ವರ್ಷ ಮೇಲಿನಿಂದ ಆದೇಶ ಬಂತು. ಮೋರಿಯಾಚೆಯವರನ್ನು ಸೇರಿಸದಿದ್ದರೆ ಸರ್ಕಾರದ ನೆರವು ನಿಲ್ಲುತ್ತದೆ ಎಂದು. ಮಾರನೆಯ ದಿನವೇ ಜವಾನ ಮೋರಿ ದಾಟಿ ಬಂದು ಸಿಕ್ಕಿದ ಹನ್ನೊಂದು ಮಕ್ಕಳ ಹೆಸರು ಬರೆದುಕೊಂಡು ಹೋದ. ಅದರಲ್ಲಿ ಹದಿನೇಳರ ಅವಳೂ ಇದ್ದಳು. ಹದಿನೈದರ ಅವಳ ತಮ್ಮನೂ ಇದ್ದ.

ಹೆಸರು ಪುಸ್ತಕದಲ್ಲಿತ್ತು, ಮೈ ಮರಳಿನಲ್ಲಿತ್ತು. ಈಚೆಯ ಹುಡುಗರಿಗೆ ಲೇತು, ವೈಸು, ಕರಿಹಲಗೆ. ಆಚೆಯವರಿಗೆ ಎರಕದ ಶೆಡ್ಡು. ಮರಳು ಜರಡಿ ಹಿಡಿಯುವುದು, ಕಲ್ಲಿದ್ದಲು ಹೊರುವುದು, ಕಾದ ಕಬ್ಬಿಣ ಸುರಿಯುವುದು. ಅವಳು ಹೆಣ್ಣು, ಅದಕ್ಕೆ ಪೊರಕೆ. ಒಮ್ಮೆ ಯಾರೂ ಇಲ್ಲದಾಗ ವೈಸಿಗೆ ಒಂದು ತುಂಡು ಕಚ್ಚಿಸಿ ಅರ ಆಡಿಸಿದಳು. ಅಂದಿನ ಫಿಟ್ಟರ್ ಮೇಷ್ಟ್ರು ಹಿಂದಿನಿಂದ ಬಂದು ಉಕ್ಕಿನ ಅಳತೆಪಟ್ಟಿಯ ಅಂಚಿನಿಂದ ಬೆರಳ ಗಿಣ್ಣಿನ ಮೇಲೆ ಹೊಡೆದರು. ನಾಲ್ಕು ಗಿಣ್ಣೂ ಒಡೆದವು. "ನೀವು ಮುಟ್ಟಿದ್ರೆ ವೈಸು ತುಕ್ಕು ಹಿಡಿಯುತ್ತೆ" ಎಂದರು. ಆ ರಕ್ತವನ್ನು ಅವಳ ಕೈಯಲ್ಲೇ ಒರೆಸಿಸಿದರು.

ಆದರೆ ಈಚೆಯ ಹುಡುಗರಿಗೆ ಕೈನೋವು ಬೇಗ ಬರುತ್ತಿತ್ತು. ಮೇಷ್ಟ್ರ ಬೆನ್ನ ಹಿಂದೆ ತುಂಡನ್ನು ಅವಳ ಮುಂದೆ ಎಸೆಯುತ್ತಿದ್ದರು. "ಏ, ಇದನ್ನ ಉಜ್ಜಿಡು." ಅವಳು ಉಜ್ಜಿದಳು. ಹೀಗೆ ಉಜ್ಜಿಯೇ ಕಲಿತಳು. ಈಗಿನ ಪ್ರಿನ್ಸಿಪಾಲರು ಆಗ ಅವಳ ಜೊತೆಯ ಹುಡುಗ. ಅವರ ಕೊನೆಯ ಪರೀಕ್ಷೆಯ ತುಂಡನ್ನೂ ಅವಳೇ ಉಜ್ಜಿದ್ದಳು. ಅವರು ಮೊದಲ ದರ್ಜೆಯಲ್ಲಿ ಪಾಸಾದರು. ಅವಳನ್ನು ಪರೀಕ್ಷೆಗೇ ಕೂರಿಸಲಿಲ್ಲ.

ಇಷ್ಟಾಗುವಾಗ ಎರಡು ದಿನ ಆಯಿತು. ಮೂರನೆಯ ದಿನ ಅವಳು ಪೊರಕೆ ಕೆಳಗಿಟ್ಟಳು.

"ಇದನ್ನ ನಿಂತ್ಕೊಂಡೇ ಹೇಳ್ತೀನಿ. ಗುಡಿಸ್ತಾ ಹೇಳೋಕಾಗಲ್ಲ."

ಅವರ ಹೆಸರು ಸೇರಿ ಎರಡು ವರ್ಷವಾಗಿತ್ತು; ಒಂದು ದಿನ ಶಾಲೆಗೆ ದೊಡ್ಡ ಅಧಿಕಾರಿ ಬರುವವರಿದ್ದರು. ಅವರು ಒಪ್ಪಿದರೆ ಶಾಲೆ ಕಾಲೇಜಾಗುತ್ತಿತ್ತು. ಅವರ ಮುಂದೆ ಕಬ್ಬಿಣ ಎರಕ ಹೊಯ್ದು ತೋರಿಸಬೇಕೆಂದು ತೀರ್ಮಾನವಾಗಿತ್ತು. ಹಿಂದಿನ ದಿನ ಮಳೆ ಬಂದು ಶೆಡ್ಡು ಸೋರಿತ್ತು. ಅವಳ ತಮ್ಮ ಅಚ್ಚಿನ ಮರಳನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿದ. ಬಿಟ್ಟಾಗ ಉಂಡೆ ಒಡೆಯಲಿಲ್ಲ. ಕೈ ತೇವವಾಯಿತು. "ಸಾರ್, ಹಸಿ ಇದೆ. ಸುರಿದ್ರೆ ಸಿಡಿಯುತ್ತೆ" ಎಂದ. ಎರಕದ ಮೇಷ್ಟ್ರು ಅವನ ಕೆನ್ನೆಗೆ ಹೊಡೆದರು. "ನನಗೆ ಪಾಠ ಹೇಳ್ತೀಯಾ? ತಾಲೀಮು ಮಾಡಿ ತೋರಿಸು. ಅಧಿಕಾರಿಗಳು ಬರೋದ್ರೊಳಗೆ ಒಂದ್ಸಲ ಸುರಿ."

ಸುರಿದ. ಕಾದ ಕಬ್ಬಿಣದ ಕೆಳಗೆ ನೀರು ಸಿಕ್ಕಿಕೊಂಡರೆ ಏನಾಗುತ್ತದೆಂದು ಆ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅದೇ ಆಯಿತು. ಅಚ್ಚು ಒಡೆದು ಕಬ್ಬಿಣ ಮೇಲಕ್ಕೆ ಹಾರಿತು. ಹಾರಿದ್ದು ಅವನ ಮೇಲೆಯೇ ಬಿತ್ತು, ಎದೆಯಿಂದ ತೊಡೆಯವರೆಗೆ.

ಅವಳು ಓಡಿ ಬಂದಾಗ ಅವನು ಕೂಗುತ್ತಿರಲಿಲ್ಲ. ಹಲ್ಲು ಕಡಿಯುತ್ತಿದ್ದ. ಶಾಲೆಯ ವ್ಯಾನು ಅಲ್ಲೇ ನಿಂತಿತ್ತು. "ವ್ಯಾನು ತೆಗೀರಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ" ಎಂದು ಅವಳು ಕಾಲಿಗೆ ಬಿದ್ದಳು. ಅಷ್ಟರಲ್ಲಿ ಗೇಟಿನ ಹತ್ತಿರ ಹಾರ್ನ್ ಕೇಳಿಸಿತು. ಅಧಿಕಾರಿಯ ಕಾರು. ಎರಕದ ಮೇಷ್ಟ್ರು ಹೇಳಿದರು: "ಗೋಡೆ ಪಕ್ಕಕ್ಕೆ ಎಳೀರಿ. ಏನಾದ್ರೂ ಮುಚ್ಚಿ." ಒಬ್ಬ ಹುಡುಗ ಓಡಿಹೋಗಿ ಟಾರ್ಪಾಲು ತಂದ. ಅವಳ ಬಾಯಿಗೆ ಬಟ್ಟೆ ಒತ್ತಿ ಇಬ್ಬರು ಕಲ್ಲಿದ್ದಲಿನ ಕೋಣೆಗೆ ಎಳೆದು ಚಿಲಕ ಹಾಕಿದರು.

ಅಧಿಕಾರಿ ಎರಡು ಗಂಟೆ ಇದ್ದರು. ಭಾಷಣ ಆಯಿತು, ಚಪ್ಪಾಳೆ ಆಯಿತು. ಶಾಲೆ ಕಾಲೇಜಾಯಿತು. ಕಾರು ಹೋದ ಮೇಲೆ ಚಿಲಕ ತೆಗೆದರು. ಟಾರ್ಪಾಲು ಎತ್ತಿದಾಗ ತಮ್ಮ ಸತ್ತಿದ್ದ. ಯಾವಾಗ ಸತ್ತನೋ, ಯಾವ ಚಪ್ಪಾಳೆಯ ಹೊತ್ತಿಗೋ, ಯಾರಿಗೂ ಗೊತ್ತಿಲ್ಲ.

ಮಾರನೆಯ ದಿನ ಹಾಜರಿ ಪುಸ್ತಕ ನೋಡಿದರೆ ಅವನ ಹೆಸರಿನ ಮೇಲೆ ಕೆಂಪು ಗೆರೆ. ಒಂದು ವಾರದ ಹಿಂದಿನ ತಾರೀಕು. 'ಶಿಸ್ತು ಉಲ್ಲಂಘನೆ, ಹೊರಗೆ ಹಾಕಲಾಗಿದೆ.' ಶಾಲೆಗೆ ಸೇರದ ಯಾರೋ ತಾಮ್ರ ಕದಿಯಲು ನುಗ್ಗಿ ಸತ್ತ ಎಂದು ಪೊಲೀಸರಿಗೆ ಬರೆದುಕೊಟ್ಟರು. ಅಪ್ಪ ಠಾಣೆಗೆ ಹೋದ. ಕಳ್ಳನ ಅಪ್ಪ ಎಂದು ಅವನನ್ನು ಒಂದು ದಿನ ಅಲ್ಲೇ ಕೂರಿಸಿದರು. ಆಮೇಲೆ ಶಾಲೆಯವರು ಒಂದು ದಯೆ ತೋರಿದರು: ಮಗಳಿಗೆ ಕಸ ಗುಡಿಸುವ ಕೆಲಸ. ಮನೆಯಲ್ಲಿ ಭುಜ ಬಿದ್ದ ಅಪ್ಪ, ಎದೆ ಬಡಿದುಕೊಳ್ಳುವ ಅಮ್ಮ. ಅವಳು ಪೊರಕೆ ತೆಗೆದುಕೊಂಡಳು.

"ಇಷ್ಟೇ ಮೇಷ್ಟ್ರೇ ಇತಿಹಾಸ."

ಭಾಷೆ ಮೇಷ್ಟ್ರ ಕಣ್ಣಲ್ಲಿ ನೀರಿತ್ತು. ಅವಳು ಕೊಡದಿಂದ ಒಂದು ಲೋಟ ನೀರು ತಂದು ಕೊಟ್ಟಳು. ಅವರು ಲೋಟವನ್ನು ಪೆಟ್ಟಿಗೆಯ ಮೇಲಿಟ್ಟು, ಚೀಲದಿಂದ ತಮ್ಮ ಬಾಟಲಿ ತೆಗೆದು ಕುಡಿದರು. "ಒಂದಕ್ಷರ ಬಿಡದೆ ಬರೀತೀನಿ ಅಮ್ಮ" ಎಂದರು.

ತಿಂಗಳಾದ ಮೇಲೆ ಪ್ರಿನ್ಸಿಪಾಲರು ಕರೆಸಿದರು.

"ಏನಮ್ಮಾ, ಹಾಲ್‌ನಲ್ಲಿ ಹಾಕೋಕೆ ದೊಡ್ಡ ಫೋಟೋ ಮಾಡಿಸಿದ್ದೀವಿ. ಆಳೆತ್ತರ ಇದೆ. ಕಬ್ಬಿಣದ ಚೌಕಟ್ಟು ಬೇಕು. ಫಿಟ್ಟರ್ ಮೇಷ್ಟ್ರು ಒಂದು ಮಾಡಿದ್ದಾರೆ, ಮೂಲೆಯಲ್ಲಿ ಬೆರಳು ತೂರುತ್ತೆ. ನೀನು ಮಾಡು. ಕೂದಲು ತೂರಬಾರದು."

ಮೂರು ದಿನ ಉಜ್ಜಿದಳು. ನಾಲ್ಕು ಮೂಲೆ ಬೆಳಕಿಗೆ ಹಿಡಿದರೂ ಸಂದು ಕಾಣದಂತೆ ಕೂಡಿದವು. ಅವಳಿಗೇ ಖುಷಿಯಾಯಿತು. ಒಂದು ಸಲ ಮೂಲೆಯ ಮೇಲೆ ಕೆನ್ನೆ ಇಟ್ಟು ನೋಡಿದಳು. ನಾಲ್ಕನೆಯ ದಿನ ಫೋಟೋ ಬಂತು. ಕಾಗದ ಬಿಚ್ಚಿ ಹಾಲ್‌ನ ನೆಲದ ಮೇಲೆ ಹಾಸಿದರು.

ನಡುವೆ ದೊಡ್ಡ ಅಧಿಕಾರಿ. ಪಕ್ಕದಲ್ಲಿ ದಾನಿಗಳು, ಎರಕದ ಮೇಷ್ಟ್ರು, ಅಂದಿನ ಪ್ರಿನ್ಸಿಪಾಲರು. ಎಲ್ಲರೂ ನಗುತ್ತಿದ್ದರು. ಹಿಂದೆ ಎರಕದ ಶೆಡ್ಡಿನ ಗೋಡೆ. ಗೋಡೆಯ ಬುಡದಲ್ಲಿ, ಎಡಕ್ಕೆ, ಉದ್ದಕ್ಕೆ ಉಬ್ಬಿಕೊಂಡ ಟಾರ್ಪಾಲು.

ಅವಳು ಕುಕ್ಕರುಗಾಲಲ್ಲಿ ಕೂತಳು. ಟಾರ್ಪಾಲಿನ ಮೇಲೆ ಕೈ ಇಟ್ಟಳು.

"ಏ ಏ, ಮುಟ್ಟಬೇಡ, ಕಲೆಯಾಗುತ್ತೆ" ಎಂದರು ಭಾಷೆ ಮೇಷ್ಟ್ರು.

"ಮೇಷ್ಟ್ರೇ, ಇದೇನು ಗೊತ್ತಾ?"

"ಮರಳಿನ ಗುಡ್ಡೆ ಇರಬೇಕು."

"ನನ್ನ ತಮ್ಮ."

ಮೇಷ್ಟ್ರು ಪ್ರಿನ್ಸಿಪಾಲರ ಮುಖ ನೋಡಿದರು. ಪ್ರಿನ್ಸಿಪಾಲರು ಕಿಟಕಿ ನೋಡಿದರು. ಇತಿಹಾಸದ ಪುಸ್ತಕ ಅಚ್ಚಾಗಿ ಬಂದು ಅಲ್ಲೇ ಮೇಜಿನ ಮೇಲೆ ಕಟ್ಟುಗಟ್ಟಲೆ ಬಿದ್ದಿತ್ತು. ಅವಳು ಎದ್ದುಹೋಗಿ ಒಂದನ್ನು ತೆಗೆದಳು. ಕರಿಹಲಗೆ ಒರೆಸುತ್ತ ಅವಳು ಓದು ಕಲಿತಿದ್ದಾಳೆಂಬುದು ಅವರಿಗೆ ಮರೆತಂತಿತ್ತು. ಆ ವರ್ಷದ ಪುಟ ಹುಡುಕಿ ಗಟ್ಟಿಯಾಗಿ ಓದಿದಳು:

"'ಅದೇ ದಿನ ಹೊರಗಿನವನೊಬ್ಬನ ಅಜಾಗರೂಕತೆಯಿಂದ ಸಣ್ಣ ಅವಘಡ ಸಂಭವಿಸಿತಾದರೂ ಕಾರ್ಯಕ್ರಮ ಯಶಸ್ವಿಯಾಗಿ ನೆರವೇರಿತು.' ಇಷ್ಟೇನಾ ಮೇಷ್ಟ್ರೇ? ಮೂರು ದಿನ ಹೇಳಿದೆನಲ್ಲ!"

"ಪುಟ ಜಾಸ್ತಿ ಆಗ್ತಿತ್ತಮ್ಮ."

ಅವಳು ಪ್ರಿನ್ಸಿಪಾಲರ ಕಡೆ ತಿರುಗಿದಳು. "ಟಾರ್ಪಾಲು ತಂದಿದ್ದು ನೀವೇ ಅಲ್ವಾ ಸಾರ್?"

ಪ್ರಿನ್ಸಿಪಾಲರು ಮೇಷ್ಟ್ರನ್ನು ಹೊರಗೆ ಕಳಿಸಿದರು. ಬಾಗಿಲು ಮುಚ್ಚಿದರು. ದನಿ ತಗ್ಗಿಸಿ ಹೇಳಿದರು: "ನೋಡು, ಅದು ಯಾರಿಗೂ ಗೊತ್ತಾಗಲ್ಲ. ಈ ಫೋಟೋ ಬಿಟ್ರೆ ಆ ದಿನದ್ದು ಬೇರೆ ಇಲ್ಲ. ಎರಡು ತಿಂಗಳಿಗೆ ನಿನ್ನ ನಿವೃತ್ತಿ. ಗೌರವದಿಂದ ಮನೆಗೆ ಹೋಗು. ಈಗ ಚೌಕಟ್ಟು ಕೂರಿಸು."

ಮನೆಯಲ್ಲಿ ಎಂಬತ್ತು ದಾಟಿದ ಅಮ್ಮ ಹಾಸಿಗೆ ಹಿಡಿದಿದ್ದಳು. ಅವಳನ್ನು ಎತ್ತಿ ತೊಳೆಯಬೇಕು, ತಿನ್ನಿಸಬೇಕು. ಅರದಕ್ಕ ಸ್ಕ್ರೂ ತಿರುಗಿಸಿದಳು. ನಾಲ್ಕು ಮೂಲೆ, ಎಂಟು ಸ್ಕ್ರೂ. ಪ್ರತಿ ಸ್ಕ್ರೂವಿಗೂ ಬಾಯಿಗೆ ಬಂದ ಬೈಗುಳವನ್ನು ನುಂಗಿದಳು. ತಮ್ಮನನ್ನು ತಾನೇ ಗೋಡೆಗೆ ನೇತುಹಾಕಿದಳು.

ಆ ಸಂಜೆ ಅಮ್ಮನಿಗೆ ಹೇಳಿದಳು. ಅಮ್ಮ ಕೇಳಿದಳು: "ಮುಖ ಕಾಣುತ್ತಾ?"

"ಇಲ್ಲಮ್ಮ. ಮುಚ್ಚಿದಾರೆ."

"ಕಾಲಾದರೂ?"

"ಇಲ್ಲ."

"ಆದ್ರೂ ಒಳಗಿರೋದು ಅವನೇ ಅಲ್ವಾ? ಅವನದೊಂದು ಫೋಟೋನೂ ಇಲ್ಲ ಅಂತ ಅಳ್ತಿದ್ದೆ ಇಷ್ಟು ವರ್ಷ. ಒಂದಿದೆ ಅನ್ನು."



ಸಮಾರಂಭದ ದಿನ ಬಂತು. ಮಂತ್ರಿಗಳು ಮುಖ್ಯ ಅತಿಥಿ. ಕಾಲೇಜಿನ ಲಾಂಛನವನ್ನು ಕಬ್ಬಿಣದಲ್ಲಿ ಎರಕ ಹೊಯ್ದು ಅವರ ಕಣ್ಣೆದುರೇ ತೋರಿಸುವುದೆಂದು ಗೊತ್ತಾಗಿತ್ತು. ಎರಕದ ಶೆಡ್ಡಿನ ನೆಲದಲ್ಲಿ ಮರಳಿನ ಹಾಸು. ಅದರಲ್ಲಿ ಲಾಂಛನದ ತೆರೆದ ಅಚ್ಚು, ಒಂದು ಬಾಗಿಲಿನಷ್ಟು ಅಗಲ. ಹಿಂದಿನ ದಿನವೇ ಸಿದ್ಧವಾಗಿತ್ತು.

ಬೆಳಿಗ್ಗೆ ಆಡಳಿತ ಮಂಡಳಿಯ ಒಬ್ಬ ದೊಡ್ಡವರು ಬಂದು ನೆಲ ಕೊಳಕಾಗಿದೆ ಎಂದರು. ಕೂಡಲೇ ಪೈಪು ಹಿಡಿದು ಶೆಡ್ಡಿನ ಸುತ್ತ ಅಂಗಳವನ್ನೆಲ್ಲ ತೊಳೆಸಿದರು. ಅರದಕ್ಕ ಪೊರಕೆಯಿಂದ ನೀರು ತಳ್ಳುತ್ತಿದ್ದಳು. ಆ ನೆಲ ಯಾವ ಕಡೆಗೆ ವಾಲಿದೆಯೆಂದು ಕಟ್ಟಿದ ಎಂಜಿನಿಯರಿಗೆ ಗೊತ್ತಿಲ್ಲದಿದ್ದರೂ ಗುಡಿಸಿದವಳಿಗೆ ಗೊತ್ತಿತ್ತು. ನೀರು ಶೆಡ್ಡಿನ ಹೊಸ್ತಿಲ ಬಿರುಕಿನಲ್ಲಿ ಇಳಿದು ಮರಳಿನ ಅಡಿಗೆ ಹೋಯಿತು. ಮೇಲಿನ ಮರಳು ಒಣಗಿಯೇ ಕಾಣುತ್ತಿತ್ತು.

ಅವಳು ಪೊರಕೆ ಎಸೆದು ಎರಕದ ಮೇಷ್ಟ್ರ ಹತ್ತಿರ ಹೋದಳು. ಇವರು ಹೊಸಬರು, ನಲವತ್ತರ ಪ್ರಾಯ.

"ಸಾರ್, ಅಚ್ಚಿನ ಅಡಿಗೆ ನೀರು ಹೋಗಿದೆ. ಸುರಿಸಬೇಡಿ."

ಮೇಷ್ಟ್ರು ಬೂಟಿನ ತುದಿಯಿಂದ ಮರಳಿನ ಅಂಚು ಕೆದಕಿದರು. "ಒಣಗಿದೆಯಲ್ಲ."

"ಮೇಲೆ ಒಣಗಿದೆ. ಕೆಳಗೆ ಕೈ ಹಾಕಿ ನೋಡಿ."

"ಇವತ್ತು ಹೊಸ ಶರ್ಟು ಹಾಕಿದ್ದೀನಿ ಕಣಮ್ಮ, ಹೋಗು."

ಪ್ರಿನ್ಸಿಪಾಲರ ಹತ್ತಿರ ಓಡಿದಳು. ಅವರು ಅತಿಥಿಗಳ ಕುರ್ಚಿ ಸರಿಮಾಡಿಸುತ್ತಿದ್ದರು. ಕೇಳಿದ ಕೂಡಲೇ ಅವರ ಮುಖ ಬಿಳುಚಿತು. ಅದನ್ನು ಅವಳು ನೋಡಿದಳು. ಇವನಿಗೆ ಎಲ್ಲ ನೆನಪಿದೆ ಎಂದುಕೊಂಡಳು. ಆದರೆ ಅಷ್ಟರಲ್ಲಿ ಗೇಟಿನ ಹತ್ತಿರ ಸೈರನ್ನು ಕೇಳಿಸಿತು.

"ಇವತ್ತೊಂದು ದಿನ ಬಾಯಿ ಮುಚ್ಕೊಂಡಿರು. ಏನೂ ಆಗಲ್ಲ" ಎಂದು ಅವರು ಸೈರನ್ನಿನ ಕಡೆ ನಡೆದರು.

ಮಂತ್ರಿಗಳು ಬಂದರು. ಕ್ಯಾಮೆರಾದವರು ಬಂದರು. ಶೆಡ್ಡಿನ ಒಂದು ಬದಿಗೆ ಕುರ್ಚಿಯ ಸಾಲು. ಇನ್ನೊಂದು ಬದಿಗೆ ಕುಲುಮೆ. ಕಾದ ಕಬ್ಬಿಣ ತುಂಬಿದ ಬೋಗುಣಿಗೆ ಎರಡು ಕಡೆ ಉದ್ದನೆಯ ಹಿಡಿಕೆ. ಒಂದು ಕಡೆ ಒಬ್ಬ ಹುಡುಗ. ಇನ್ನೊಂದು ಕಡೆ ಗುಂಗುರಿ. ಗುಂಗುರು ಕೂದಲಿನ, ಹದಿನೆಂಟು ತುಂಬದ ಹುಡುಗಿ. ಅರದಕ್ಕನ ಮನೆಯಿಂದ ಮೂರನೆಯ ಮನೆಯವಳು. ಈಗಲೂ ಎರಕದ ಶೆಡ್ಡಿನಲ್ಲಿ ಇದ್ದವರೆಲ್ಲ ಮೋರಿಯಾಚೆಯವರೇ. ದೊಡ್ಡವರ ಅಳತೆಯ ಚರ್ಮದ ಮೇಲಂಗಿ ಗುಂಗುರಿಯ ಮೈಮೇಲೆ ಗೋಣಿಯಂತೆ ಜೋತಾಡುತ್ತಿತ್ತು. ಅವಳು ಹಲ್ಲು ಕಚ್ಚಿ ಬೋಗುಣಿ ಎತ್ತಿದಳು. ಇಬ್ಬರೂ ಅಚ್ಚಿನ ಕಡೆ ಹೆಜ್ಜೆ ಇಟ್ಟರು.

ಅರದಕ್ಕ ಗೋಡೆಗೆ ಒರಗಿ ನಿಂತಿದ್ದಳು. ತನ್ನ ಕಾಲು ಹೊರಟದ್ದು ಅವಳಿಗೆ ತಿಳಿಯಲಿಲ್ಲ. ಕುರ್ಚಿಯ ಸಾಲನ್ನು ದಾಟಿದಳು. ಮಂತ್ರಿಗಳ ಮುಂದೆ ಹಾದಳು. ಚಪ್ಪಲಿ ಬಿಟ್ಟು ಅಚ್ಚಿನೊಳಗೆ ಕಾಲಿಟ್ಟಳು. ಲಾಂಛನದ ನಟ್ಟನಡುವೆ ನಿಂತಳು.

"ಏಯ್! ಹುಚ್ಚಿ! ಎಳೀರಿ ಅವಳನ್ನ!"

"ಸುರೀಬೇಡ ಕಣೇ" ಎಂದು ಅರದಕ್ಕ ಗುಂಗುರಿಯನ್ನು ನೋಡಿ ಕೂಗಿದಳು. "ಪಕ್ಕದ ಒಣ ಮರಳಿನ ತೊಟ್ಟಿಗೆ ಸುರಿದು ಆಚೆ ನಿಂತ್ಕೋ."

ಗುಂಗುರಿ ಎರಕದ ಮೇಷ್ಟ್ರ ಮುಖ ನೋಡಿದಳು, ಅರದಕ್ಕನ ಮುಖ ನೋಡಿದಳು. ಅವಳೂ ಜೊತೆಯ ಹುಡುಗನೂ ತೊಟ್ಟಿಯ ಕಡೆ ತಿರುಗಿ ಸುರಿದರು. ಕೆಂಪು ಕಬ್ಬಿಣ ಒಣ ಮರಳಿನಲ್ಲಿ ಸದ್ದಿಲ್ಲದೆ ಮಲಗಿತು.

ಪ್ರಿನ್ಸಿಪಾಲರು ಓಡಿ ಬಂದರು. "ಏನು ಮಾಡ್ತಿದ್ದೀಯ? ಮಂತ್ರಿಗಳ ಮುಂದೆ!"

"ಮರಳು ಹಸಿ ಇದೆ."

"ಒಣಗಿದೆ!"

"ಒಣಗಿದ್ರೆ ನೀನು ಸುರಿ."

ಕೆಲಸಕ್ಕೆ ಸೇರಿದ ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಂದ 'ನೀನು' ಬಂತು.

"ಕುಲುಮೆಯಲ್ಲಿ ಇನ್ನೂ ಕಬ್ಬಿಣ ಇದೆ. ಅಚ್ಚು ಸರಿಮಾಡ್ಕೊಂಡು ನೀನು ಒಂದು ಕಡೆ ಹಿಡ್ಕೋ, ನಿನ್ನ ಮೇಷ್ಟ್ರು ಇನ್ನೊಂದು ಕಡೆ ಹಿಡ್ಕೊಳ್ಳಲಿ. ನಮ್ಮ ಮಕ್ಕಳು ಕುರ್ಚಿ ಮೇಲೆ ಕೂತ್ಕೊಂಡು ಚಪ್ಪಾಳೆ ಹೊಡೀತಾರೆ. ಹಿಡ್ಕೋ!"

ಪ್ರಿನ್ಸಿಪಾಲರು ಎರಕದ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಬೋಗುಣಿಯ ಕಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಮಂತ್ರಿಗಳು ಎದ್ದು ಕುರ್ಚಿಯ ಹಿಂದಕ್ಕೆ ಸರಿದರು. ಅವರು ಸರಿದದ್ದನ್ನು ನೋಡಿ ಇಡೀ ಸಾಲು ಹಿಂದಕ್ಕೆ ಸರಿಯಿತು.

ಆಗ ಅರದಕ್ಕ ಒಂದು ಕಾಲನ್ನು ಮೇಲಕ್ಕೆತ್ತಿದಳು. ಹೆಜ್ಜೆಯ ಗುಂಡಿಯಲ್ಲಿ ನೀರು ಜಿನುಗಿತು. ಮೊದಲು ಹಿಮ್ಮಡಿಯಲ್ಲಿ, ಆಮೇಲೆ ಬೆರಳುಗಳಲ್ಲಿ. ಇಡೀ ಪಾದ ತುಂಬಿತು. ಎಲ್ಲರೂ ನೋಡಿದರು. ಕ್ಯಾಮೆರಾದವನು ಕ್ಯಾಮೆರಾ ಕೆಳಗಿಳಿಸಿದ.

ಇಬ್ಬರು ಪೊಲೀಸರು ಅವಳನ್ನು ತೋಳು ಹಿಡಿದು ಎಳೆದರು. ಅವಳು ಬಿದ್ದಳು. ಬಿದ್ದವಳನ್ನು ಮರಳಿನ ಮೇಲೆ, ಆಮೇಲೆ ತೊಳೆದ ನೆಲದ ಮೇಲೆ ಎಳೆದುಕೊಂಡು ಹೋದರು. ಮೊಣಕೈಯ ತೊಗಲು ಸುಲಿದು ನೆಲಕ್ಕೆ ಅಂಟಿತು. ಅವಳ ಹಿಂದೆಯೇ ಹಾಲ್‌ನಲ್ಲಿ ಸ್ವಾಗತ ಭಾಷಣ ಶುರುವಾಯಿತು.

ಎಂಟು ದಿನದ ನಂತರ ವಿಚಾರಣೆ. ಮೇಜಿನ ಆಚೆ ಪ್ರಿನ್ಸಿಪಾಲರು, ಆಡಳಿತ ಮಂಡಳಿಯ ಇಬ್ಬರು. ಬರೆದುಕೊಳ್ಳಲು ಭಾಷೆ ಮೇಷ್ಟ್ರು. ಅವಳಿಗೆ ಕುರ್ಚಿ ಇರಲಿಲ್ಲ.

ಮಂಡಳಿಯ ಹಿರಿಯರು ಓದಿದರು: "ಅಚ್ಚು ಸಂಪೂರ್ಣ ಒಣಗಿತ್ತು. ಸಂಸ್ಥೆಯ ಮೇಲಿನ ದ್ವೇಷದಿಂದ ನೀನು ಬಕೆಟ್ಟಿನಿಂದ ಅದಕ್ಕೆ ನೀರು ಸುರಿದೆ. ಆರು ಜನ ಸಾಕ್ಷಿ ಹೇಳಿದ್ದಾರೆ."

"ಯಾರು ಆರು ಜನ?"

ಹೆಸರು ಓದಿದರು. ಎರಕದ ಮೇಷ್ಟ್ರು, ಫಿಟ್ಟರ್ ಮೇಷ್ಟ್ರು, ಜವಾನ, ಇಬ್ಬರು ಹುಡುಗರು. ಆರನೆಯದು ಗುಂಗುರಿಯ ಹೆಸರು.

ಅರದಕ್ಕ ತಿಂದ ಹೊಡೆತಗಳಲ್ಲಿ ಇದು ಹೊಸದು.

ಪ್ರಿನ್ಸಿಪಾಲರು ಮೆತ್ತಗೆ ಹೇಳಿದರು: "ನಾವೇನು ಕಟುಕರಲ್ಲಮ್ಮ. ನಿನ್ನ ವಯಸ್ಸು ನೋಡಿ ಒಂದು ದಾರಿ ಮಾಡಿದ್ದೀವಿ. ಮೇಷ್ಟ್ರು ಕಾಗದ ಬರೆದಿದ್ದಾರೆ. ಸಹಿ ಹಾಕು. ಕೇಸು ಇರಲ್ಲ. ಪಿಂಚಣಿ ಬರುತ್ತೆ. ಅಮ್ಮನ್ನ ನೋಡ್ಕೊಂಡು ಮನೇಲಿರು."

ಭಾಷೆ ಮೇಷ್ಟ್ರು ಕಾಗದ ಮುಂದಕ್ಕೆ ತಳ್ಳಿದರು. ಅವರ ಅಕ್ಷರ ಮುತ್ತು ಪೋಣಿಸಿದಂತಿತ್ತು. 'ಆ ದಿನ ನನ್ನ ಬುದ್ಧಿ ಸ್ತಿಮಿತದಲ್ಲಿ ಇರಲಿಲ್ಲ. ಒಣಗಿದ್ದ ಅಚ್ಚಿಗೆ ನಾನೇ ನೀರು ಹಾಕಿದೆ. ಕ್ಷಮಿಸಬೇಕು.'

ಅವಳು ಎರಡು ಸಲ ಓದಿದಳು.

"ಹುಚ್ಚಿ ಅಂತ ಬೇಕಾದ್ರೆ ಬರ್ಕೊಳ್ಳಿ. ಇಲ್ಲಿ ಇಷ್ಟು ವರ್ಷ ಇದ್ದವಳಿಗೆ ಹುಚ್ಚು ಹಿಡಿಯದಿದ್ರೇ ಆಶ್ಚರ್ಯ. ಆದ್ರೆ ಇದಕ್ಕೆ ನಾನು ಸಹಿ ಹಾಕಿದ್ರೆ ಮರಳು ಒಣಗಿತ್ತು ಅಂತಾಗುತ್ತೆ."

"ಅಂತಾದ್ರೆ ಏನಾಯ್ತೀಗ?"

"ಮರಳು ಹಸಿ ಇತ್ತು."

"ಸಹಿ ಹಾಕದಿದ್ರೆ ಏನೂ ಸಿಗಲ್ಲ. ಒಂದು ಬಿಡಿಗಾಸೂ ಸಿಗಲ್ಲ. ಕೋರ್ಟಿಗೆ ಅಲೀಬೇಕಾಗುತ್ತೆ."

"ಹಸಿ ಇತ್ತು ಸಾರ್. ಆವತ್ತೂ ಹಸಿ ಇತ್ತು. ನೀವೂ ಅಲ್ಲೇ ಇದ್ರಿ."

ಪ್ರಿನ್ಸಿಪಾಲರು ಕಾಗದ ವಾಪಸು ಎಳೆದುಕೊಂಡರು. ಅವರ ಕೈ ತಾಗಿ ಮಸಿಯ ಪೆನ್ನು ಉರುಳಿ ನೆಲಕ್ಕೆ ಬಿತ್ತು. ಅಭ್ಯಾಸಬಲ, ಅವಳು ಎತ್ತಿಕೊಡಲು ಬಗ್ಗಿದಳು. ಅರ್ಧ ಬಗ್ಗಿದವಳು ನೆಟ್ಟಗಾದಳು. ಬಾಗಿಲು ತೆರೆದು ಹೊರಗೆ ಬಂದಳು.

ಗೇಟಿನ ಹತ್ತಿರ ವಾಚ್‌ಮನ್ ಅಡ್ಡ ನಿಂತ. "ಚೀಲ ನೋಡಬೇಕಂತೆ ಅಕ್ಕ. ಮೇಲಿಂದ ಹೇಳಿದಾರೆ. ತಪ್ಪು ತಿಳೀಬೇಡ." ಅವನು ಚೀಲ ಬುಡಮೇಲು ಮಾಡಿದ. ಊಟದ ಡಬ್ಬಿ, ಅಮ್ಮನ ಮಾತ್ರೆ, ಒಂದು ಒದ್ದೆ ಬಟ್ಟೆ. ಡಬ್ಬಿಯ ಮುಚ್ಚಳವನ್ನೂ ತೆಗೆಸಿದ. ಮೈ ತಡಕಲು ಒಬ್ಬ ಹೆಂಗಸನ್ನು ಕರೆಸಿದ್ದರು. ಅರದಕ್ಕ ಎರಡೂ ಕೈ ಮೇಲೆತ್ತಿ ನಿಂತಳು. ಪಾಠ ಬಿಟ್ಟಿತ್ತು. ಹುಡುಗರು ಪಕ್ಕದಲ್ಲೇ ಸಾಲಾಗಿ ಹೋಗುತ್ತಿದ್ದರು. ಅವಳು ಉಜ್ಜಿಕೊಟ್ಟ ತುಂಡುಗಳಿಂದ ಪಾಸಾದವರು. ಯಾರೂ ತಲೆ ಎತ್ತಲಿಲ್ಲ.

ಗೇಟು ದಾಟಿ ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಗುಂಗುರಿ ಓಡಿ ಬಂದಳು.

"ಅಕ್ಕಾ. ನಾನು ಸಹಿ ಹಾಕಿಬಿಟ್ಟೆ."

"ಗೊತ್ತು."

"ಸರ್ಟಿಫಿಕೇಟ್ ಕೊಡಲ್ಲ ಅಂದ್ರು. ಅಮ್ಮ ಅವರ ಕಾಲು ಹಿಡಿದಳು. ನಾನು..."

ಅರದಕ್ಕನಿಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಕೈ ಎತ್ತಿಯೂ ಬಿಟ್ಟಳು. ಹುಡುಗಿ ಮುಖ ಮುಂದಕ್ಕೆ ಚಾಚಿ, ಕಣ್ಣು ಮುಚ್ಚಿ ನಿಂತಳು. ಎತ್ತಿದ ಕೈಯಿಂದ ಅರದಕ್ಕ ಅವಳ ಅಂಗೈ ಹಿಡಿದು ತಿರುಗಿಸಿ ನೋಡಿದಳು. ಕಿಡಿ ಸಿಡಿದ ಸಣ್ಣ ಸಣ್ಣ ಕಪ್ಪು ಚುಕ್ಕಿ. ಬೇರೇನೂ ಇಲ್ಲ. ಐದು ಬೆರಳೂ ಇದ್ದವು.

"ಸಹಿ ಹಾಕೋಕೆ ಕೈ ಉಳೀತಲ್ಲ" ಎಂದಳು.

ಗುಂಗುರಿ ಬಿಕ್ಕಿದಳು. "ಇನ್ನೊಂದ್ಸಲ ಹಸಿ ಮರಳಿಗೆ ಸುರಿ ಅಂದ್ರೆ ಸುರಿಯಲ್ಲ ಅಕ್ಕ. ನಿನ್ನಾಣೆ."

"ಅದನ್ನ ನನ್ನ ಹತ್ರ ಯಾಕೆ ಹೇಳ್ತೀಯ?" ಅರದಕ್ಕ 'ಥೂ' ಎಂದು ನೆಲಕ್ಕೆ ಉಗುಳಿದಳು. "ಒಳಗೆ ಹೋಗಿ ಅವರಿಗೆ ಹೇಳು."

ಹುಡುಗಿ ಅಲ್ಲೇ ನಿಂತಳು. ಅರದಕ್ಕ ತಿರುಗಿ ನೋಡಲಿಲ್ಲ. ಅಮ್ಮನಿಗೆ ಊಟ ತಿನ್ನಿಸುವ ಹೊತ್ತು ಮೀರಿತ್ತು.